ಎನ್‌ಬಿಎ ಸೇರಿದ ಮೊದಲ ಕಪ್ಪು ಆಟಗಾರ ಯಾರು? ಮೂರು ನೋಟ್ಸ್, ಮೂರು ಹೆಸರು, ಮೂರೂ ಸರಿ

ಧಾರವಾಡದ ಸಪ್ತಾಪುರದಲ್ಲಿ ಸ್ಪರ್ಧಾತ್ಮಕ ಪರೀಕ್ಷೆಗೆ ಓದುವ ಹುಡುಗರ ಕೋಣೆ ಹೊಕ್ಕರೆ ‘ಮೊದಲಿಗರು’ ಅನ್ನುವ ಪಟ್ಟಿ ಒಂದಾದರೂ ಕಣ್ಣಿಗೆ ಬೀಳುತ್ತದೆ. ಮೊದಲ ಗಗನಯಾತ್ರಿ, ಮೊದಲ ಮಹಿಳಾ ಪ್ರಧಾನಿ, ಎವರೆಸ್ಟ್ ಏರಿದ ಮೊದಲ ಭಾರತೀಯ ಮಹಿಳೆ. ಎಡಕ್ಕೆ ಪ್ರಶ್ನೆ, ಬಲಕ್ಕೆ ಒಂದೇ ಹೆಸರು. ಬಹಳಷ್ಟು ವಿಷಯಕ್ಕೆ ಇಷ್ಟು ಸಾಕು. ಬಾಸ್ಕೆಟ್‌ಬಾಲ್ ಬಂದಾಗ ಮಾತ್ರ ಪಟ್ಟಿ ಕೈಕೊಡುತ್ತದೆ. ‘ಅಮೆರಿಕದ ಎನ್‌ಬಿಎ ಲೀಗ್ ಸೇರಿದ ಮೊದಲ ಕಪ್ಪು ಆಟಗಾರ ಯಾರು?’ ಎಂಬ ಪ್ರಶ್ನೆಗೆ ಒಂದು ನೋಟ್ಸ್‌ನಲ್ಲಿ ಅರ್ಲ್ ಲಾಯ್ಡ್ ಅಂತ ಇದ್ದರೆ, ಇನ್ನೊಂದರಲ್ಲಿ ಚಕ್ ಕೂಪರ್, ಮತ್ತೊಂದರಲ್ಲಿ ನ್ಯಾಟ್ ಕ್ಲಿಫ್ಟನ್. “ಸರ, ಟಿಕ್ ಮಾಡಾಕ ಒಂದ ಹೆಸರ ಹೇಳ್ರಿ” ಅಂತ ಹುಡುಗರು ದುಂಬಾಲು ಬಿದ್ದರೆ ಕಲಿಸುವವರಿಗೂ ಇಕ್ಕಟ್ಟು. ಯಾಕೆಂದರೆ ಮೂವರಲ್ಲಿ ಯಾರೂ ಸುಳ್ಳು ಬರೆದಿಲ್ಲ.

ಈ ಗಂಟನ್ನು ಸಪ್ತಾಪುರದವರಿಗೆ ಬಿಚ್ಚಿ ತೋರಿಸುವುದು ಬೇರೆಯವರಿಗಿಂತ ಸುಲಭ. ಸರಕಾರಿ ನೌಕರಿ ಒಂದೇ ಏಟಿಗೆ ಸಿಗುವುದಿಲ್ಲವೆಂದು ಅವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಮೊದಲು ಆಯ್ಕೆ ಪಟ್ಟಿಯಲ್ಲಿ ಹೆಸರು ಬರಬೇಕು, ಆಮೇಲೆ ಆರ್ಡರ್ ಕೈಗೆ ಬರಬೇಕು, ಕೊನೆಗೆ ಹೋಗಿ ಡ್ಯೂಟಿಗೆ ಹಾಜರಾಗಬೇಕು. ಪಟ್ಟಿಯಲ್ಲಿ ಹೆಸರಿದ್ದೂ ಆರ್ಡರ್ ಬರದವರು, ಆರ್ಡರ್ ಬಂದೂ ಹಾಜರಾಗಲು ಆಗದವರು ನಮ್ಮ ನಡುವೆಯೇ ಇದ್ದಾರೆ. ಎನ್‌ಬಿಎಯಲ್ಲೂ ಮೂರು ಮೆಟ್ಟಿಲು. ವರ್ಷಕ್ಕೊಮ್ಮೆ ಹೊಸ ಆಟಗಾರರನ್ನು ತಂಡಗಳು ಸರದಿಯ ಮೇಲೆ, ಸುತ್ತು ಸುತ್ತಾಗಿ ಆರಿಸಿಕೊಳ್ಳುತ್ತವೆ. ಅದು ಡ್ರಾಫ್ಟ್. ಡ್ರಾಫ್ಟ್‌ನಲ್ಲಿ ಹೆಸರು ಕೂಗಿದ ಮಾತ್ರಕ್ಕೆ ಸಂಬಳವಿಲ್ಲ. ಈ ಆಟಗಾರನ ಜೊತೆ ಮಾತುಕತೆ ನಡೆಸುವ ಹಕ್ಕು ಇಂಥ ತಂಡಕ್ಕೆ ಎಂದು ಗೊತ್ತಾಗುತ್ತದೆ, ಅಷ್ಟೇ. ಒಪ್ಪಂದಕ್ಕೆ ಸಹಿ ಬಿದ್ದರೆ ಎರಡನೆಯ ಮೆಟ್ಟಿಲು. ಲೀಗ್ ಪಂದ್ಯದಲ್ಲಿ ಕೋರ್ಟಿಗೆ ಇಳಿದರೆ ಮೂರನೆಯದು.

1950ರಲ್ಲಿ ಈ ಮೂರು ಮೆಟ್ಟಿಲನ್ನು ಮೂವರು ಬೇರೆ ಬೇರೆ ಮಂದಿ ಮೊದಲು ಹತ್ತಿದರು.

ಆ ವರ್ಷದ ಏಪ್ರಿಲ್ 25ರಂದು ನಡೆದ ಡ್ರಾಫ್ಟ್‌ನ ಎರಡನೆಯ ಸುತ್ತಿನಲ್ಲಿ ಬೋಸ್ಟನ್ ಸೆಲ್ಟಿಕ್ಸ್ ಮಾಲೀಕ ವಾಲ್ಟರ್ ಬ್ರೌನ್ ಅವರು ಡ್ಯುಕೇನ್ ವಿಶ್ವವಿದ್ಯಾಲಯದ ಚಕ್ ಕೂಪರ್ ಹೆಸರು ಹೇಳಿದರು. ಕೂಪರ್ ಕಪ್ಪು ಹುಡುಗ ಅನ್ನುವುದು ಗೊತ್ತಿದೆಯಲ್ಲ ಎಂದು ಅಲ್ಲಿದ್ದವರು ಕೇಳಿದಾಗ, ಅವನ ಮೈಮೇಲೆ ಪಟ್ಟೆ ಇರಲಿ, ಚೌಕಳಿ ಇರಲಿ, ಚುಕ್ಕಿ ಇರಲಿ, ನನಗೇನು ಎಂಬರ್ಥದಲ್ಲಿ ಬ್ರೌನ್ ಉತ್ತರ ಕೊಟ್ಟ ಮಾತು ಇಂದಿಗೂ ಓಡಾಡುತ್ತದೆ. ಅದೇ ಡ್ರಾಫ್ಟ್‌ನ ಒಂಬತ್ತನೆಯ ಸುತ್ತಿನಲ್ಲಿ ವಾಷಿಂಗ್ಟನ್ ಕ್ಯಾಪಿಟಲ್ಸ್ ತಂಡ ವೆಸ್ಟ್ ವರ್ಜೀನಿಯಾ ಸ್ಟೇಟ್ ಕಾಲೇಜಿನ ಅರ್ಲ್ ಲಾಯ್ಡ್ ಅವರನ್ನು ತೆಗೆದುಕೊಂಡಿತು. ಆಯ್ಕೆ ಪಟ್ಟಿಯ ಲೆಕ್ಕದಲ್ಲಿ ಕೂಪರ್ ಮೊದಲಿಗರು.

ಎರಡನೆಯ ಮೆಟ್ಟಿಲಿಗೆ ಪುಸ್ತಕಗಳು ಸಾಮಾನ್ಯವಾಗಿ ಬರೆಯುವ ಹೆಸರು ನ್ಯಾಟ್ ಕ್ಲಿಫ್ಟನ್, ಜನ ಪ್ರೀತಿಯಿಂದ ಕರೆಯುತ್ತಿದ್ದ ‘ಸ್ವೀಟ್‌ವಾಟರ್’. ಅವರು ಡ್ರಾಫ್ಟ್ ಮೂಲಕ ಬಂದವರೇ ಅಲ್ಲ. ಊರೂರು ತಿರುಗಿ ಆಡುತ್ತಿದ್ದ ಕಪ್ಪು ಆಟಗಾರರ ತಂಡ ಹಾರ್ಲೆಮ್ ಗ್ಲೋಬ್‌ಟ್ರಾಟರ್ಸ್‌ನಲ್ಲಿ ಆಗಲೇ ಹೆಸರು ಮಾಡಿದ್ದ ಅವರ ಒಪ್ಪಂದವನ್ನು ನ್ಯೂಯಾರ್ಕ್ ನಿಕ್ಸ್ ತಂಡ ದುಡ್ಡು ಕೊಟ್ಟು ಕೊಂಡಿತು. ಆದರೆ ಇಲ್ಲೂ ಒಂದು ಕೊಕ್ಕೆ ಇದೆ. ಕ್ಲಿಫ್ಟನ್ ಸಹಿ ಹಾಕಿದ್ದು ಮೇ ತಿಂಗಳಲ್ಲಿ. ಡ್ರಾಫ್ಟ್ ಮುಗಿದ ಮರುದಿನವೇ ನಾರ್ತ್ ಕೆರೊಲಿನಾದ ಹೆರಾಲ್ಡ್ ಹಂಟರ್ ಅನ್ನುವವರು ವಾಷಿಂಗ್ಟನ್ ತಂಡದ ಒಪ್ಪಂದಕ್ಕೆ ಸಹಿ ಮಾಡಿಬಿಟ್ಟಿದ್ದರು. ಸೀಸನ್ ಶುರುವಾಗುವ ಮೊದಲೇ ತರಬೇತಿ ಶಿಬಿರದಲ್ಲಿ ಅವರನ್ನು ಕೈಬಿಟ್ಟರು. ಆರ್ಡರ್ ಮೊದಲು ಬಂದದ್ದು ಹಂಟರ್ ಕೈಗೆ, ಹೆಸರು ಉಳಿದದ್ದು ಕ್ಲಿಫ್ಟನ್‌ದು. ಆಡದವರನ್ನು ದಾಖಲೆ ಬೇಗ ಮರೆಯುತ್ತದೆ. ನನ್ನ ಮಟ್ಟಿಗೆ, ಇಡೀ ಕಥೆಯಲ್ಲಿ ಹೆಚ್ಚು ಅನ್ಯಾಯ ಆದದ್ದು ಈ ಹಂಟರ್‌ಗೆ.

ಮೂರನೆಯ ಮೆಟ್ಟಿಲು ಲಾಯ್ಡ್ ಪಾಲಿಗೆ ಬಂದದ್ದು ವೇಳಾಪಟ್ಟಿಯ ದಯೆಯಿಂದ. 1950ರ ಅಕ್ಟೋಬರ್ 31ರಂದು ವಾಷಿಂಗ್ಟನ್ ತಂಡಕ್ಕೆ ರೋಚೆಸ್ಟರ್ ರಾಯಲ್ಸ್ ವಿರುದ್ಧ ಪಂದ್ಯವಿತ್ತು. ಲಾಯ್ಡ್ ಇಳಿದರು, 6 ಅಂಕ ಗಳಿಸಿದರು, ತಂಡ 78–70ರಿಂದ ಸೋತಿತು. ಬೋಸ್ಟನ್‌ಗೆ ಮೊದಲ ಪಂದ್ಯ ಮರುದಿನ. ಅಂದರೆ ನವೆಂಬರ್ 1ರಂದು ಕೂಪರ್ ಇಳಿದರು, ಅದೇ ವಾರದಲ್ಲಿ ಕ್ಲಿಫ್ಟನ್. ವೇಳಾಪಟ್ಟಿ ಬರೆದವರು ಎರಡು ಪಂದ್ಯಗಳ ದಿನ ಅದಲುಬದಲು ಮಾಡಿದ್ದರೆ ಇವತ್ತು ನಮ್ಮ ಹುಡುಗರು ಬಾಯಿಪಾಠ ಮಾಡುವ ಹೆಸರೇ ಬೇರೆ ಆಗುತ್ತಿತ್ತು. ಲಾಯ್ಡ್ ಏಳು ಪಂದ್ಯ ಆಡುವಷ್ಟರಲ್ಲಿ ಸೇನೆಯಿಂದ ಕರೆ ಬಂತು. ಕೊರಿಯಾ ಯುದ್ಧದ ಕಾಲ ಅದು. ಅವರು ಆಡಿದ ವಾಷಿಂಗ್ಟನ್ ತಂಡ 1951ರ ಜನವರಿಯಲ್ಲಿ ಬಾಗಿಲು ಹಾಕಿತು. ಸೇನೆಯಿಂದ ಮರಳಿದ ಮೇಲೆ ಲಾಯ್ಡ್ ಸಿರಾಕ್ಯೂಸ್ ತಂಡ ಸೇರಿ 1955ರಲ್ಲಿ ಲೀಗ್ ಗೆದ್ದರು. ಅವರೂ ಜೊತೆಗಾರ ಜಿಮ್ ಟಕ್ಕರ್ ಅವರೂ ಎನ್‌ಬಿಎ ಗೆದ್ದ ತಂಡದಲ್ಲಿದ್ದ ಮೊದಲ ಕಪ್ಪು ಆಟಗಾರರು. ಒಂದೇ ದಿನ ಇಬ್ಬರು ಗೆದ್ದದ್ದರಿಂದ ಈ ‘ಮೊದಲು’ ಬಗ್ಗೆ ತಕರಾರಿಲ್ಲ.

ಕೋರ್ಟಿಗೆ ಇಳಿದ ಮೇಲೂ ಸಲೀಸಾಗಿತ್ತು ಎಂದಲ್ಲ. ಫೋರ್ಟ್ ವೇನ್ ಊರಿನ ಹೋಟೆಲಿನಲ್ಲಿ ಲಾಯ್ಡ್‌ಗೆ ಮಲಗಲು ಕೋಣೆ ಕೊಟ್ಟರು, ಊಟದ ಕೋಣೆಯಲ್ಲಿ ಕೂತು ಉಣ್ಣಲು ಬಿಡಲಿಲ್ಲ. ಕೋಚ್ ಬೋನ್ಸ್ ಮೆಕಿನ್ನಿ ತಮ್ಮ ಊಟವನ್ನೂ ಲಾಯ್ಡ್ ಕೋಣೆಗೇ ತರಿಸಿಕೊಂಡು ಜೊತೆಗೆ ಕೂತು ಉಂಡರು. ನಾರ್ತ್ ಕೆರೊಲಿನಾದಲ್ಲಿ ತಂಡದ ಹೋಟೆಲಿನಲ್ಲಿ ಕೂಪರ್‌ಗೆ ಜಾಗವಿಲ್ಲ ಎಂದಾಗ, ಬೋಸ್ಟನ್‌ನ ತಾರೆ ಬಾಬ್ ಕೂಸಿ ಅವರ ಜೊತೆ ರಾತ್ರಿ ರೈಲು ಹತ್ತಿ ಹೊರಟುಬಿಟ್ಟರು. ಯಾರು ಯಾರ ಪಂಕ್ತಿಯಲ್ಲಿ ಕೂತು ಉಣ್ಣಬೇಕು ಅನ್ನುವ ಜಗಳದ ಅರ್ಥ ನಮ್ಮ ಕಡೆಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಇನ್ನು, 1950ರಲ್ಲೇ ಯಾಕೆ? ಮಾಲೀಕರ ಮನಸ್ಸು ಒಂದೇ ರಾತ್ರಿ ತಿಳಿಯಾಯಿತೇ? ಇಲ್ಲ. ಹಿಂದೆ ದುಡ್ಡಿನ ಲೆಕ್ಕವಿತ್ತು.

ಕಪ್ಪು ಆಟಗಾರರು ಆಗ ಆಡುತ್ತಲೇ ಇರಲಿಲ್ಲ ಅಂದುಕೊಂಡರೆ ಪೂರಾ ತಪ್ಪು. ಬಾಬ್ ಡಗ್ಲಸ್ ಅನ್ನುವವರು ನ್ಯೂಯಾರ್ಕಿನ ಹಾರ್ಲೆಮ್‌ನಲ್ಲಿ 1923ರಲ್ಲೇ ‘ನ್ಯೂಯಾರ್ಕ್ ರೆನೆಸಾನ್ಸ್’ ಎಂಬ ತಂಡ ಕಟ್ಟಿದ್ದರು. ಜನ ಕರೆಯುತ್ತಿದ್ದದ್ದು ‘ರೆನ್ಸ್’ ಎಂದು. ಅವರ ತವರು ಕೋರ್ಟ್ ಅಂದರೆ ಒಂದು ನೃತ್ಯಶಾಲೆಯ ನೆಲ, ಪಂದ್ಯ ಮುಗಿದರೆ ಅಲ್ಲೇ ಕುಣಿತ. 1932–33ರ ಸೀಸನ್‌ನಲ್ಲಿ ಈ ತಂಡ ಸಾಲಾಗಿ 88 ಪಂದ್ಯ ಗೆದ್ದಿತು. 1939ರಲ್ಲಿ ಷಿಕಾಗೋದಲ್ಲಿ ನಡೆದ ವಿಶ್ವ ವೃತ್ತಿಪರ ಟೂರ್ನಿಯ ಫೈನಲ್‌ನಲ್ಲಿ ಬಿಳಿಯರ ಬಲಿಷ್ಠ ತಂಡ ಓಷ್ಕೋಷ್ ಆಲ್-ಸ್ಟಾರ್ಸ್ ಅನ್ನು 34–25ರಿಂದ ಸೋಲಿಸಿತು. ಮರುವರ್ಷ ಅದೇ ಟೂರ್ನಿಯನ್ನು ಗ್ಲೋಬ್‌ಟ್ರಾಟರ್ಸ್ ಗೆದ್ದರು.

ಗ್ಲೋಬ್‌ಟ್ರಾಟರ್ಸ್ ಅಂದರೆ ನಗೆಯಾಟದ ತಂಡ ಎಂಬ ಭಾವನೆ ಈಗ ಇದೆ, ಬೆರಳ ಮೇಲೆ ಚೆಂಡು ತಿರುಗಿಸುವವರು ಅಂತ. 1948ರ ಫೆಬ್ರುವರಿಯಲ್ಲಿ ಅವರು ಜಾರ್ಜ್ ಮೈಕನ್ ಅವರಂಥ ದೈತ್ಯನಿದ್ದ ಮಿನಿಯಾಪೊಲಿಸ್ ಲೇಕರ್ಸ್ ತಂಡವನ್ನು 61–59ರಿಂದ ಸೋಲಿಸಿದರು. ಕೊನೆಯ ಕ್ಷಣದಲ್ಲಿ ಎರ್ಮರ್ ರಾಬಿನ್ಸನ್ ದೂರದಿಂದ ಎಸೆದ ಚೆಂಡು ರಿಂಗ್ ಸೇರಿತು. ಮರುವರ್ಷ ಮತ್ತೆ ಗೆದ್ದರು. ಕಪ್ಪು ಆಟಗಾರರಿಗೆ ವೃತ್ತಿಪರ ಮಟ್ಟದ ಕಸುವಿಲ್ಲ ಅನ್ನುವ ವಾದ ಅಲ್ಲಿಗೆ ಬಿದ್ದುಹೋಯಿತು. ಆದರೂ ಎನ್‌ಬಿಎ ಮಾಲೀಕರು ಮೀನ ಮೇಷ ಎಣಿಸುತ್ತಲೇ ಇದ್ದರು. ಯಾಕೆಂದರೆ ಆಗ ಎನ್‌ಬಿಎ ಬಡ ಲೀಗ್. ಅದರ ಪಂದ್ಯಕ್ಕೆ ಮೊದಲು ಗ್ಲೋಬ್‌ಟ್ರಾಟರ್ಸ್ ಆಟ ಇಟ್ಟರೆ ಮಾತ್ರ ಗ್ಯಾಲರಿ ತುಂಬುತ್ತಿತ್ತು. ಒಳ್ಳೆಯ ಕಪ್ಪು ಆಟಗಾರರೆಲ್ಲ ಗ್ಲೋಬ್‌ಟ್ರಾಟರ್ಸ್ ಒಡೆಯ ಏಬ್ ಸಾಪರ್‌ಸ್ಟೀನ್ ಹಿಡಿತದಲ್ಲಿದ್ದರು. ಅವರ ಬುಟ್ಟಿಗೆ ಕೈಹಾಕಿದರೆ ಅವರು ಮುನಿಸಿಕೊಂಡು ತಂಡ ಕಳಿಸುವುದನ್ನೇ ನಿಲ್ಲಿಸಿಯಾರು ಎಂಬ ಅಂಜಿಕೆ. ಬಣ್ಣದ ಗೋಡೆಗೆ ಗಲ್ಲಾಪೆಟ್ಟಿಗೆಯೂ ಆಸರೆ ಕೊಟ್ಟಿತ್ತು. ಆ ಅಂಜಿಕೆಯನ್ನು 1950ರಲ್ಲಿ ಮೊದಲು ಬದಿಗಿಟ್ಟವರು ಬೋಸ್ಟನ್‌ನ ಬ್ರೌನ್. ಹಾಗಾಗಿ ಕೂಪರ್ ಹೆಸರಿನ ಮುಂದೆ ಟಿಕ್ ಹಾಕಿದವರಿಗೂ ಅರ್ಧವಲ್ಲ, ಪೂರ್ತಿ ಅಂಕ ಕೊಡಬೇಕು ಅನ್ನುವುದು ನನ್ನ ವಾದ.

ಇಲ್ಲಿಯವರೆಗೆ ಒಂದೇ ಲೀಗಿನ ಒಳಗಿನ ಲೆಕ್ಕ. ಯಾವ ಲೀಗನ್ನು ಎಣಿಸುತ್ತೀರಿ ಅಂತ ಕೇಳಿದರೆ ಇಡೀ ಉತ್ತರವೇ ಪಲ್ಲಟ.

ಎನ್‌ಬಿಎ ಎಂಬ ಹೆಸರು ಬಂದದ್ದು 1949ರಲ್ಲಿ, ಎರಡು ಲೀಗ್ ಕೂಡಿದಾಗ. ಒಂದು 1946ರಲ್ಲಿ ಶುರುವಾದ ಬಿಎಎ, ಇನ್ನೊಂದು ಅದಕ್ಕಿಂತ ಹಳೆಯ ಎನ್‌ಬಿಎಲ್. ಕೂಡಿದ ಮೇಲೆ ಎನ್‌ಬಿಎ ತನ್ನ ಹುಟ್ಟುಹಬ್ಬವನ್ನು ಬಿಎಎಯ 1946ಕ್ಕೆ ಇಟ್ಟುಕೊಂಡಿತು. ಬಿಎಎಯ ಅಂಕಿ ಅಂಶವೆಲ್ಲ ಎನ್‌ಬಿಎ ಲೆಕ್ಕಕ್ಕೆ ಸೇರಿತು, ಎನ್‌ಬಿಎಲ್‌ನದು ಹೊರಗೆ ಉಳಿಯಿತು. ಇದು ಕಚೇರಿಯಲ್ಲಿ ಕೂತು ಮಾಡಿದ ತೀರ್ಮಾನ, ಕೋರ್ಟಿನಲ್ಲಿ ಆದದ್ದಲ್ಲ. ಅದರ ಫಲ ನೋಡಿ. ಎನ್‌ಬಿಎಲ್‌ನ ಟೊಲೆಡೊ ಮತ್ತು ಷಿಕಾಗೋ ತಂಡಗಳಲ್ಲಿ 1942ರಲ್ಲೇ ಕಪ್ಪು ಆಟಗಾರರು ಆಡಿದ್ದರು. ಯುದ್ಧಕ್ಕೆ ಹೋದ ಬಿಳಿಯರ ಜಾಗ ತುಂಬಬೇಕಿತ್ತು, ಹೀಗಾಗಿ ಬಾಗಿಲು ತೆರೆದಿತ್ತು. ಬೇಸ್‌ಬಾಲ್‌ನ ದೊಡ್ಡ ಲೀಗಿನಲ್ಲಿ ಬಣ್ಣದ ಗೋಡೆ ಒಡೆದ ಜಾಕಿ ರಾಬಿನ್ಸನ್ ಬಂದದ್ದು 1947ರಲ್ಲಿ, ಇದು ಅದಕ್ಕೂ ಐದು ವರ್ಷ ಮೊದಲು. 1948ರಲ್ಲಿ ಇಡೀ ರೆನ್ಸ್ ತಂಡವೇ ಡೇಟನ್ ಊರಿನ ಹೆಸರಿನಲ್ಲಿ ಎನ್‌ಬಿಎಲ್ ಸೇರಿ ಸೀಸನ್ ಮುಗಿಸಿತು. ಇದ್ಯಾವುದೂ ಎನ್‌ಬಿಎ ಪಟ್ಟಿಗೆ ಬರುವುದಿಲ್ಲ.

ಅದೇ ತೀರ್ಮಾನ ಇನ್ನೊಬ್ಬರಿಗೆ ಲಾಭ ತಂದಿತು. ಯೂಟಾದ ಆಗ್ಡೆನ್ ಊರಿನಲ್ಲಿ ಜಪಾನಿ ಮೂಲದ ಮನೆಯಲ್ಲಿ ಹುಟ್ಟಿದ ವ್ಯಾಟ್ ಮಿಸಾಕಾ 1947ರಲ್ಲಿ ನ್ಯೂಯಾರ್ಕ್ ನಿಕ್ಸ್‌ಗೆ ಮೂರು ಪಂದ್ಯ ಆಡಿ 7 ಅಂಕ ಗಳಿಸಿದರು. ಎತ್ತರ ಬರೀ ಐದು ಅಡಿ ಏಳು ಇಂಚು. ಬಿಎಎ ಲೆಕ್ಕ ಎನ್‌ಬಿಎಗೆ ಸೇರಿದ್ದರಿಂದ ಎನ್‌ಬಿಎ ಆಡಿದ ಮೊದಲ ಬಿಳಿಯೇತರ ಆಟಗಾರ ಅವರೇ. ಜಪಾನಿ ಮುಖ ಕಂಡರೆ ಅಮೆರಿಕದಲ್ಲಿ ಜನ ಸಿಡಿಯುತ್ತಿದ್ದ ಕಾಲದಲ್ಲಿ ಅವರು ಅಮೆರಿಕ ಸೇನೆಯಲ್ಲಿ ದುಡಿದು, ಬಾಂಬ್ ಬಿದ್ದ ಹಿರೋಷಿಮಾದ ಸಮೀಕ್ಷೆಗೂ ಹೋಗಿ ಬಂದಿದ್ದರು. ನಿಕ್ಸ್ ಕೈಬಿಟ್ಟ ಮೇಲೆ ಗ್ಲೋಬ್‌ಟ್ರಾಟರ್ಸ್ ಕರೆದರೂ ಹೋಗದೆ ಊರಿಗೆ ಮರಳಿ ಎಂಜಿನಿಯರಿಂಗ್ ಓದು ಮುಗಿಸಿದರು. ಬಣ್ಣದ ಗೋಡೆ ದಾಟಿದ ಮೊದಲಿಗ ಯಾರು ಎಂಬ ಪ್ರಶ್ನೆಗೆ ಮಿಸಾಕಾ ಹೆಸರು ಬರೆದವನ ಉತ್ತರ ತಪ್ಪು ಅನ್ನಲು ಬರುವುದಿಲ್ಲ.

ಲೀಗ್ ಬಿಡಿ, ದುಡ್ಡು ತೆಗೆದುಕೊಂಡು ಆಡಿದ ಮೊದಲ ಕಪ್ಪು ಆಟಗಾರ ಯಾರು ಅಂದರೆ 1902ಕ್ಕೆ ಹೋಗಬೇಕು. ಮ್ಯಾಸಚೂಸೆಟ್ಸ್‌ನ ಲೋವೆಲ್ ಊರಿನ ಹ್ಯಾರಿ ‘ಬಕ್ಕಿ’ ಲ್ಯೂ. ಆಟ ಹುಟ್ಟಿ ಹನ್ನೊಂದು ವರ್ಷವೂ ತುಂಬಿರಲಿಲ್ಲ. ಕೋಚ್‌ಗಳ ವಿಷಯವೂ ಇದೇ ಪಾಡು. ಎನ್‌ಬಿಎಯ ಮೊದಲ ಕಪ್ಪು ಕೋಚ್ 1966ರಲ್ಲಿ ಬೋಸ್ಟನ್ ವಹಿಸಿಕೊಂಡ ಬಿಲ್ ರಸೆಲ್, ಸರಿ. ಆದರೆ ಎಬಿಎಲ್ ಎಂಬ ಬೇರೆ ಲೀಗಿನಲ್ಲಿ ಜಾನ್ ಮೆಕ್‌ಲೆಂಡನ್ 1961ರಲ್ಲೇ ಕ್ಲೀವ್‌ಲ್ಯಾಂಡ್ ತಂಡ ನಡೆಸಿದ್ದರು. ಈ ಮೆಕ್‌ಲೆಂಡನ್ ಕಾನ್ಸಾಸ್ ವಿಶ್ವವಿದ್ಯಾಲಯದಲ್ಲಿ ಆಟದ ಪಾಠ ಕಲಿತದ್ದು ಆಟ ಹುಟ್ಟಿಸಿದ ಜೇಮ್ಸ್ ನೈಸ್ಮಿತ್ ಅವರ ಕೈಯಲ್ಲೇ, ಅಲ್ಲಿನ ತಂಡಕ್ಕೆ ಆಡಲು ಮಾತ್ರ ಕಪ್ಪು ಹುಡುಗನೆಂದು ಬಿಡಲಿಲ್ಲ.

ಇದೇ ಮೂರು ಮೆಟ್ಟಿಲನ್ನು ಹೆಣ್ಣುಮಕ್ಕಳ ಕಡೆ ತಿರುಗಿಸಿ ನೋಡಿದರೆ ಬೇರೆಯೇ ಚಿತ್ರ ಸಿಗುತ್ತದೆ. 1969ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊ ವಾರಿಯರ್ಸ್ ತಂಡ ಅಯೋವಾದ ಹೈಸ್ಕೂಲ್ ಹುಡುಗಿ ಡೆನಿಸ್ ಲಾಂಗ್ ಹೆಸರನ್ನು ಡ್ರಾಫ್ಟ್‌ನಲ್ಲಿ ಹೇಳಿತು. ಲೀಗಿನ ಕಮಿಷನರ್ ಆ ಆಯ್ಕೆ ರದ್ದು ಮಾಡಿದರು. 1977ರಲ್ಲಿ ನ್ಯೂ ಆರ್ಲಿಯನ್ಸ್ ಜಾಝ್ ಏಳನೆಯ ಸುತ್ತಿನಲ್ಲಿ ಲೂಸಿಯಾ ಹ್ಯಾರಿಸ್ ಅವರನ್ನು ಆರಿಸಿತು, ಇದು ಅಧಿಕೃತವಾಗಿ ಉಳಿಯಿತು. ಮಿಸಿಸಿಪ್ಪಿಯ ಈ ಹೆಣ್ಣುಮಗಳು ಅದರ ಹಿಂದಿನ ವರ್ಷ ಮಾಂಟ್ರಿಯಲ್‌ನಲ್ಲಿ ಒಲಿಂಪಿಕ್ಸ್ ಮಹಿಳಾ ಬಾಸ್ಕೆಟ್‌ಬಾಲ್‌ನ ಮೊಟ್ಟಮೊದಲ ಬುಟ್ಟಿ ಹಾಕಿದವರು. ಜಾಝ್ ಕರೆದಾಗ ಅವರು ಬಸುರಿ, ಟ್ರಯಲ್ಸ್‌ಗೆ ಹೋಗಲಿಲ್ಲ. 1979ರಲ್ಲಿ ಆನ್ ಮೇಯರ್ಸ್ ಇಂಡಿಯಾನಾ ಪೇಸರ್ಸ್ ಜೊತೆ 50,000 ಡಾಲರ್ ಒಪ್ಪಂದಕ್ಕೆ ಸಹಿ ಹಾಕಿ, ಗಂಡಸರ ಜೊತೆ ಮೂರು ದಿನ ಟ್ರಯಲ್ಸ್ ಕೊಟ್ಟರು. ತಂಡಕ್ಕೆ ತೆಗೆದುಕೊಳ್ಳಲಿಲ್ಲ. ಪಟ್ಟಿಯಲ್ಲಿ ಹೆಸರು ಬಂತು, ಆರ್ಡರ್ ಕೂಡ ಬಂತು. ಎನ್‌ಬಿಎ ಪಂದ್ಯಕ್ಕೆ ಹಾಜರಾದ ಹೆಣ್ಣುಮಗಳು ಮಾತ್ರ ಇನ್ನೂ ಇಲ್ಲ.

ಮೊದಲಿಗರು ಅನಿಸಿಕೊಳ್ಳಲು ಸಾಕ್ಷಿಯೂ ಬೇಕಲ್ಲ. 1984ರ ಡಿಸೆಂಬರ್ 21ರಂದು ವೆಸ್ಟ್ ವರ್ಜೀನಿಯಾ ವಿಶ್ವವಿದ್ಯಾಲಯದ ಜಾರ್ಜಿಯಾನ್ ವೆಲ್ಸ್ ಪಂದ್ಯದ ನಡುವೆ ಎಗರಿ ಚೆಂಡನ್ನು ರಿಂಗಿನೊಳಗೆ ಗುದ್ದಿದರು. ಕಾಲೇಜು ಪಂದ್ಯದಲ್ಲಿ ಡಂಕ್ ಮಾಡಿದ ಮೊದಲ ಹೆಣ್ಣುಮಗಳು. ಕಾಕತಾಳೀಯ ನೋಡಿ, 1891ರಲ್ಲಿ ಸ್ಪ್ರಿಂಗ್‌ಫೀಲ್ಡ್‌ನಲ್ಲಿ ನೈಸ್ಮಿತ್ ತಮ್ಮ 18 ವಿದ್ಯಾರ್ಥಿಗಳನ್ನು ಒಂಬತ್ತೊಂಬತ್ತಾಗಿ ಹಂಚಿ, ಪೀಚ್ ಹಣ್ಣಿನ ಬುಟ್ಟಿ ಕಟ್ಟಿ ಮೊದಲ ಪಂದ್ಯ ಆಡಿಸಿದ್ದೂ ಡಿಸೆಂಬರ್ 21ರಂದೇ. ವೆಲ್ಸ್ ಡಂಕ್ ಮಾಡಿದ್ದನ್ನು ವಿಡಿಯೋ ಮಾಡಿಕೊಂಡಿದ್ದವರು ಎದುರಾಳಿ ತಂಡದವರು. ಸೋತ ಕೋಚ್ ಆ ಟೇಪನ್ನು ಹೊರಗೆ ಬಿಡಲಿಲ್ಲ. 2009ರಲ್ಲಿ ಅವರ ಮನೆಯವರ ಬಳಿ ಅದು ಸಿಕ್ಕು ಜಗತ್ತು ನೋಡಿತು. ಅಲ್ಲಿಯವರೆಗೆ ವೆಲ್ಸ್ ಬಾಯಿಮಾತಿನ ಮೊದಲಿಗರು. ವಿಲ್ಟ್ ಚೇಂಬರ್ಲಿನ್ 1962ರ ಮಾರ್ಚ್ 2ರಂದು ಒಂದೇ ಪಂದ್ಯದಲ್ಲಿ 100 ಅಂಕ ಹೊಡೆದದ್ದಕ್ಕೂ ವಿಡಿಯೋ ಇಲ್ಲ. ಸ್ಕೋರ್‌ಶೀಟ್ ಇದೆ, ರೇಡಿಯೋ ಧ್ವನಿಯ ತುಣುಕು ಇದೆ, ಜೊತೆಗೆ 100 ಎಂದು ಬರೆದ ಹಾಳೆ ಹಿಡಿದ ಫೋಟೋ. ನಮ್ಮ ವಲಯ ಮಟ್ಟದ ಕ್ರೀಡಾಕೂಟಗಳ ಸ್ಕೋರ್‌ಶೀಟ್ ಯಾವ ಕಪಾಟಿನಲ್ಲಿ ಗೆದ್ದಲು ಹಿಡಿದಿವೆಯೋ! ಹುಬ್ಬಳ್ಳಿ, ಗದಗ, ಹಾವೇರಿಯ ಹಳೆಯ ಆಟಗಾರರ ‘ನಾನ ಮೊದಲು’ ಎಂಬ ಜಗಳಗಳು ಬಗೆಹರಿಯದೆ ಉಳಿಯುವುದು ಅದಕ್ಕೇ.

ಭಾರತದ ಲೆಕ್ಕಕ್ಕೆ ಬರೋಣ. ಸ್ಪ್ರಿಂಗ್‌ಫೀಲ್ಡ್‌ನ ಆ 18 ವಿದ್ಯಾರ್ಥಿಗಳಲ್ಲಿ ಒಬ್ಬರಾದ ಡಂಕನ್ ಪ್ಯಾಟನ್ 1894ರಲ್ಲಿ ಈ ಆಟವನ್ನು ಭಾರತಕ್ಕೆ ತಂದರು ಎನ್ನುತ್ತದೆ ಆಟದ ಇತಿಹಾಸ. ಇಷ್ಟು ಬೇಗ ಬಂದರೂ ಆಟ ಬಹುಕಾಲ ವೈಎಂಸಿಎ, ಮಿಷನ್ ಶಾಲೆ, ಕಾಲೇಜು, ಆಮೇಲೆ ರೈಲ್ವೆ, ಪೊಲೀಸ್, ಸೇನೆಯ ಅಂಗಳ ದಾಟಲಿಲ್ಲ. ನೈಋತ್ಯ ರೈಲ್ವೆಯ ಕೇಂದ್ರ ಕಚೇರಿ ಇರುವ ಹುಬ್ಬಳ್ಳಿಯವರಿಗೆ ಸ್ಪೋರ್ಟ್ಸ್ ಕೋಟಾ ಅಂದರೆ ಏನೆಂದು ಚೆನ್ನಾಗಿ ಗೊತ್ತು. ಭಾರತದ ಪುರುಷರ ತಂಡ ಒಲಿಂಪಿಕ್ಸ್ ಬಾಸ್ಕೆಟ್‌ಬಾಲ್ ಆಡಿದ್ದು 1980ರ ಮಾಸ್ಕೋದಲ್ಲಿ. ಅಮೆರಿಕ ಮತ್ತು ಅದರ ಜೊತೆಗಾರ ದೇಶಗಳು ಬಹಿಷ್ಕರಿಸಿದ ಆ ಕೂಟದಲ್ಲಿ ನಮ್ಮವರು ಎಲ್ಲ ಪಂದ್ಯ ಸೋತು 12 ತಂಡಗಳಲ್ಲಿ 12ನೆಯವರಾದರು.

2015ರಲ್ಲಿ ಕೂಪರ್–ಲಾಯ್ಡ್ ಕಥೆ ಪಂಜಾಬಿ ಹೆಸರುಗಳಲ್ಲಿ ಮರುಕಳಿಸಿತು. ಆ ವರ್ಷದ ಜೂನ್‌ನಲ್ಲಿ ಪಂಜಾಬಿನ ಬಲ್ಲೋಕೆ ಹಳ್ಳಿಯ ಸತ್ನಾಮ್ ಸಿಂಗ್ ಭಮರಾ ಅವರನ್ನು ಡಲ್ಲಾಸ್ ಮ್ಯಾವರಿಕ್ಸ್ ತಂಡ ಡ್ರಾಫ್ಟ್‌ನಲ್ಲಿ 52ನೆಯವರಾಗಿ ಆರಿಸಿತು. ಏಳು ಅಡಿ ಎರಡು ಇಂಚಿನ ಈ ಹುಡುಗ ಎನ್‌ಬಿಎ ಡ್ರಾಫ್ಟ್‌ನಲ್ಲಿ ಹೆಸರು ಬಂದ ಮೊದಲ ಭಾರತ ಸಂಜಾತ. ಆಯ್ಕೆ ಪಟ್ಟಿಯಲ್ಲಿ ಹೆಸರು ಬಂತು, ಕೆಳಹಂತದ ಲೀಗಿನಲ್ಲಿ ಆಡಿದ್ದೂ ಆಯಿತು, ಎನ್‌ಬಿಎ ಪಂದ್ಯ ಮಾತ್ರ ಆಡಲಿಲ್ಲ. ಅದೇ ವರ್ಷ ಎರಡು ತಿಂಗಳು ಮೊದಲು, ಏಪ್ರಿಲ್ 7ರಂದು, ಸ್ಯಾಕ್ರಮೆಂಟೊ ಕಿಂಗ್ಸ್ ಪರವಾಗಿ ಸಿಮ್ ಭುಲ್ಲರ್ 16 ಸೆಕೆಂಡು ಕೋರ್ಟಿನಲ್ಲಿದ್ದರು. ಇವರನ್ನು ಹಿಂದಿನ ವರ್ಷದ ಡ್ರಾಫ್ಟ್‌ನಲ್ಲಿ ಯಾವ ತಂಡವೂ ಆರಿಸಿರಲಿಲ್ಲ. ಹತ್ತು ದಿನದ ಒಪ್ಪಂದ ಕೊಟ್ಟು ಕರೆದದ್ದು, ಮುಂಬೈಯಲ್ಲಿ ಹುಟ್ಟಿದ ವಿವೇಕ್ ರಣದಿವೆ ಮಾಲೀಕತ್ವದ ತಂಡ. ಭಾರತೀಯ ಮೂಲದವರಲ್ಲಿ ಎನ್‌ಬಿಎ ಆಡಿದ ಮೊದಲಿಗರು ಇವರು. ಆದರೆ ಹುಟ್ಟಿ ಬೆಳೆದದ್ದು ಕೆನಡಾದ ಟೊರಾಂಟೊದಲ್ಲಿ, ಪೌರತ್ವವೂ ಕೆನಡಾದ್ದು.

ಆದ್ದರಿಂದ ‘ಎನ್‌ಬಿಎ ಆಡಿದ ಮೊದಲ ಭಾರತೀಯ’ ಎಂದು ಬರೆದು ಮುಂದೆ ಸತ್ನಾಮ್ ಹೆಸರು ಹಾಕಿದರೆ ತಪ್ಪು, ಆತ ಆಡಿಲ್ಲ. ಸಿಮ್ ಹೆಸರು ಹಾಕಿದರೂ ಪೂರ್ತಿ ಸರಿಯಲ್ಲ, ಅವರು ಭಾರತದ ಪ್ರಜೆಯಲ್ಲ. ಮಹಿಳೆಯರಲ್ಲಿ ಕೇರಳದ ಗೀತು ಅನ್ನಾ ಜೋಸ್, ರೈಲ್ವೆಯ ಆಟಗಾರ್ತಿ, 2011ರಲ್ಲಿ ಅಮೆರಿಕದ ಮಹಿಳಾ ಲೀಗಾದ ಡಬ್ಲ್ಯುಎನ್‌ಬಿಎಯ ಮೂರು ತಂಡಗಳಿಗೆ ಟ್ರಯಲ್ಸ್ ಕೊಟ್ಟು ಬಂದರು. ಟ್ರಯಲ್ಸ್‌ವರೆಗೆ ಹೋದ ಮೊದಲ ಭಾರತೀಯ ಮಹಿಳೆ ಅವರು, ಒಪ್ಪಂದ ಸಿಗಲಿಲ್ಲ. ಪ್ರಿನ್ಸ್‌ಪಾಲ್ ಸಿಂಗ್ 2021ರಲ್ಲಿ ಎನ್‌ಬಿಎ ತಂಡಗಳು ಬೇಸಿಗೆಯಲ್ಲಿ ಹೊಸಬರನ್ನು ಆಡಿಸಿ ನೋಡುವ ಸಮ್ಮರ್ ಲೀಗ್ ಗೆದ್ದ ಸ್ಯಾಕ್ರಮೆಂಟೊ ತಂಡದಲ್ಲಿದ್ದರು. ಆದರೆ ಸಮ್ಮರ್ ಲೀಗಿನ ಪಂದ್ಯಗಳನ್ನು ಎನ್‌ಬಿಎ ತನ್ನ ದಾಖಲೆಯಲ್ಲಿ ಎಣಿಸುವುದಿಲ್ಲ.